ಇವರದು ಯಾವ ಆಗಸ್ಟ್ ಹದಿನೈದು?

ರಾಯಚೂರಿನಾಗ ಇವತ್ತು ಮೋಡ ಕಟ್ಟೇದ, ಆದ್ರೆ ಮಳೆ ಮಾತ್ರ ಬರವಲ್ದು. ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡ್ತಿದೀನಿ. ಮಧ್ಯದಲ್ಲಿ ಸೀಟಿ ಕೇಳಿದ್ರೆ ಅದು ಪಕ್ಕದ ಮನೆಯ ಕುಕ್ಕರ್, ಅಡ್ಜಸ್ಟ್ ಮಾಡ್ಕೋರಿ.

ಇವತ್ತಿನ ಎಪಿಸೋಡ್ ಹುಟ್ಟಿದ್ದು ಎರಡು ವಾಟ್ಸಾಪ್ ಮೆಸೇಜ್‌ನಿಂದ. ಕಳಿಸಿದಾಕಿ ನಮ್ಮ ಚಿಗವ್ವನ ಮಗಳು. ದೇವದುರ್ಗದಲ್ಲಿ ಒಂಬತ್ತನೇ ಕ್ಲಾಸು ಓದ್ತಾಳೆ. ಮೊದಲನೇದು ವಾಯ್ಸ್ ಮೆಸೇಜ್. "ಅಕ್ಕಾ, ಈ ಸಲನೂ ಪಿರಮಿಡ್‌ನಾಗ ಎಲ್ಲಾರಕಿಂತ ಮ್ಯಾಲ ನಾನ ನಿಂದ್ರಬೇಕಂತ ಪಿಟಿ ಸರ್ ಹೇಳ್ಯಾರ. ಅವ್ವ ಬ್ಯಾಡ ಅಂತಾಳ. ನೀ ಒಂದು ಮಾತು ಹೇಳು ಅಕ್ಕಾ, ನಿನ್ನ ಮಾತು ಕೇಳ್ತಾಳ."

ಚಿಗವ್ವ ಬ್ಯಾಡ ಅನ್ನೋದಕ್ಕೆ ಕಾರಣ ಇದೆ. ಹೋದ ವರ್ಷ ಆಗಸ್ಟ್ 15ಕ್ಕೆ ಎಂಟು ದಿನ ಇರುವಾಗ, ಪ್ರ್ಯಾಕ್ಟೀಸ್‌ನಲ್ಲಿ ಈ ಹುಡುಗಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದಳು. ಬಿದ್ದದ್ದು ಮುರಂ ಹಾಕಿ ರೋಲರ್ ಹೊಡೆದ ನೆಲದ ಮೇಲೆ. ಕೈ ಊರಿದಳು, ಮಣಿಕಟ್ಟು ಮುರೀತು. ಆರು ವಾರ ಪ್ಲಾಸ್ಟರ್. ಶಾಲೆಯ ಹೆಸರು ನಾನು ಹೇಳಲ್ಲ, ಯಾಕಂದ್ರೆ ಆ ಶಾಲೆ ಏನೂ ವಿಶೇಷವಾಗಿ ಕೆಟ್ಟದ್ದಲ್ಲ. ನೀವು ಓದಿದ ಶಾಲೆಯಲ್ಲೂ ಹಿಂಗೇ ಇತ್ತು, ನಾನು ಓದಿದ ಶಾಲೆಯಲ್ಲೂ ಹಿಂಗೇ ಇತ್ತು.

ಎರಡನೇ ಮೆಸೇಜ್ ಒಂದು ರೀಲ್. ದೊಡ್ಡ ಹಾಲ್, ನೀಲಿ ನೆಲ, ಮಿಂಚೋ ಡ್ರೆಸ್ ಹಾಕ್ಕೊಂಡ ಅಮೆರಿಕದ ಹುಡುಗೀರು. ಒಬ್ಬಳನ್ನ ನಾಲ್ಕು ಜನ ಮೇಲಕ್ಕೆ ಎಸೀತಾರೆ, ಅವಳು ಗಾಳಿಯಲ್ಲಿ ತಿರುಗಿ ಬಂದು ಅವರ ಕೈಯಲ್ಲೇ ಬೀಳ್ತಾಳೆ. ರೀಲ್ ಕೆಳಗೆ ನಮ್ಮ ಹುಡುಗಿ ಟೈಪ್ ಮಾಡಿದಾಳೆ: "ಇವರೂ ನಮ್ಮಂಗ ಪಿರಮಿಡ್ ಮಾಡ್ತಾರ ಅಕ್ಕಾ. ಇವರದು ಯಾವ ಆಗಸ್ಟ್ ಹದಿನೈದು?"

ಮೊದಲು ನಕ್ಕೆ. ಆಮೇಲೆ ಅನಿಸ್ತು, ಪ್ರಶ್ನೆ ಬರೋಬ್ಬರಿ ಇದೆ. ನಮ್ಮಲ್ಲಿ ಜುಲೈ ತಿಂಗಳಿಡೀ ಬಿಸಿಲು, ಕೆಸರು, ಸೀಟಿ, ಡ್ರಮ್ಮು. ಎಲ್ಲಾ ಯಾವುದಕ್ಕೆ? ಒಂದು ದಿನ ಬೆಳಿಗ್ಗೆ ಧ್ವಜಾರೋಹಣ ಆದಮೇಲೆ ತಾಲ್ಲೂಕು ಮೈದಾನದಲ್ಲಿ ಸಿಗೋ ಹತ್ತು ನಿಮಿಷಕ್ಕೆ. ಹಂಗಾದ್ರೆ ಈ ಅಮೆರಿಕದ ಹುಡುಗೀರು ವರ್ಷವಿಡೀ ಮೈಮುರಿಯೋದು ಯಾವ ದಿನಕ್ಕೆ? ಆ ದಿನ ಯಾರು ಕೂತು ಅಂಕ ಹಾಕ್ತಾರೆ? ಯಾರು ಖರ್ಚು ಕೊಡ್ತಾರೆ? ಬಿ.ಕಾಂ. ಓದಿದ ತಲೆ ನೋಡ್ರಿ, ಖರ್ಚಿನ ತನಕ ಹೋಗದೆ ನಿಲ್ಲಲ್ಲ.

ಚಿಯರ್‌ಲೀಡಿಂಗ್ ಅಂದ್ರೆ ನಮಗೆಲ್ಲ ಐಪಿಎಲ್. ಅದೂ ನಮ್ಮ ಬೆಂಗಳೂರಿಂದಲೇ ಶುರುವಾದ ಕಥೆ. 2008ರ ಏಪ್ರಿಲ್ 18, ಚಿನ್ನಸ್ವಾಮಿ ಸ್ಟೇಡಿಯಂ, ಮೊಟ್ಟಮೊದಲ ಐಪಿಎಲ್ ಮ್ಯಾಚ್. ಆರ್‌ಸಿಬಿಯವರು ಅಮೆರಿಕದ ಫುಟ್‌ಬಾಲ್ ತಂಡ ವಾಷಿಂಗ್ಟನ್ ರೆಡ್‌ಸ್ಕಿನ್ಸ್‌ನ ಚಿಯರ್‌ಲೀಡರ್‌ಗಳನ್ನ ಕರೆಸಿದ್ರು. ಅವತ್ತು ಮೆಕಲಮ್ ಒಬ್ಬನೇ 158 ಹೊಡೆದ, ನಮ್ಮೋರು 82ಕ್ಕೆ ಆಲೌಟ್, 140 ರನ್ ಸೋಲು. ಪಾಪ, ಆ ಹುಡುಗೀರಿಗೆ ಕುಣಿಯೋಕೆ ಸಿಕ್ಕ ಸಂದರ್ಭಗಳೆಲ್ಲ ಎದುರಾಳಿ ತಂಡದ್ದೇ. ಅವತ್ತಿಂದ ನಮ್ಮ ಮನೆಗಳಲ್ಲಿ ಚಿಯರ್‌ಲೀಡರ್ ಅಂದ್ರೆ ಬೌಂಡರಿ ಹತ್ತಿರ ಕುಣಿಯೋರು, ದೊಡ್ಡವರು ಪಕ್ಕದಲ್ಲಿದ್ರೆ ಚಾನೆಲ್ ಬದಲಿಸಬೇಕಾದೋರು.

ಆದ್ರೆ ರೀಲ್‌ನಲ್ಲಿ ಇದ್ದದ್ದು ಅದಲ್ಲ. ಅದು ಸ್ಪರ್ಧೆ. ಅಲ್ಲಿ ಹುರಿದುಂಬಿಸೋಕೆ ಬೇರೆ ತಂಡವೇ ಇಲ್ಲ, ಅವರೇ ಆಟಗಾರರು. ಇದರ ಮೂಲ 1898ರಲ್ಲಿ, ಮಿನ್ನೆಸೋಟ ಯೂನಿವರ್ಸಿಟಿಯಲ್ಲಿ. ಆಗ ಘೋಷಣೆ ಕೂಗ್ತಿದ್ದೋರೆಲ್ಲ ಗಂಡಸರೇ. ಹೆಣ್ಣುಮಕ್ಕಳು ಸೇರಿದ್ದು 1920ರ ದಶಕದಲ್ಲಿ. ಆಮೇಲೆ ಜಿಮ್ನಾಸ್ಟಿಕ್ಸ್ ಬಂತು, ಪಿರಮಿಡ್ ಬಂತು, ಎಸೆಯೋದು ಬಂತು. 2021ರ ಜುಲೈನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ವಿಶ್ವ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. ಒಲಿಂಪಿಕ್ಸ್‌ನಲ್ಲಿ ಆಡಿಸ್ತಾರೆ ಅಂತಲ್ಲ, ಕ್ರೀಡೆ ಅಂತ ಒಪ್ಪಿಕೊಂಡ್ರು ಅಷ್ಟೇ.

ನೆಟ್‌ಫ್ಲಿಕ್ಸ್‌ನಲ್ಲಿ 'ಚಿಯರ್' ಅಂತ ಒಂದು ಸರಣಿ ಇದೆ, 2020ರ ಜನವರಿಯಲ್ಲಿ ಬಂತು. ನಿಮ್ಮಲ್ಲಿ ಕೆಲವರು ನೋಡಿರ್ತೀರಿ. ಟೆಕ್ಸಾಸ್‌ನ ಕಾರ್ಸಿಕಾನ ಅನ್ನೋ ಸಣ್ಣ ಊರು, ಅಲ್ಲಿನ ನವಾರೊ ಕಾಲೇಜು, ಆಗಿನ ಕೋಚ್ ಮೋನಿಕಾ ಅಲ್ಡಾಮ. 2000ದಿಂದ 2019ರೊಳಗೆ 14 ಸಲ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಅದು. ಊರಿನ ವಾತಾವರಣ ನೋಡಿದ್ರೆ ಮಾನ್ವಿ ನೆನಪಾಗುತ್ತೆ ಕಣ್ರಿ. ಒಂದು ಮುಖ್ಯ ರಸ್ತೆ, ಎಲ್ಲರಿಗೂ ಎಲ್ಲರೂ ಗೊತ್ತು, ಮಾಡೋಕೆ ಜಾಸ್ತಿ ಕೆಲಸ ಇಲ್ಲ. ಆ ಮಕ್ಕಳು ವರ್ಷವಿಡೀ ತಯಾರಿ ಮಾಡೋದು ಏಪ್ರಿಲ್‌ನಲ್ಲಿ ಫ್ಲಾರಿಡಾದ ಡೇಟೋನ ಬೀಚ್‌ನಲ್ಲಿ ನಡೆಯೋ ಒಂದೇ ಒಂದು ಸ್ಪರ್ಧೆಗೆ. ಎದುರಿಗೆ ಸಮುದ್ರ, ಬಯಲು ವೇದಿಕೆ, ಎರಡು ನಿಮಿಷ ಹದಿನೈದು ಸೆಕೆಂಡು. ತಂಡದಲ್ಲಿ 40 ಜನ, ಮ್ಯಾಟ್ ಮೇಲೆ ಹತ್ತೋರು 20. ಉಳಿದ ಇಪ್ಪತ್ತು ಜನ ವರ್ಷವಿಡೀ ಅದೇ ಬೆವರು ಸುರಿಸಿ, ಕಡೆಗೆ ಬದಿಯಲ್ಲಿ ನಿಂತು ಕೂಗ್ತಾರೆ.

ಅಲ್ಲಿ ಫೈನಲ್ ಅಂದ್ರೆ ಎಂಥ ತೂಕ ಅಂತ ನನಗೆ ತಿಳಿದದ್ದು ಎರಡನೇ ಸೀಸನ್‌ನಲ್ಲಿ. 2020ರಲ್ಲಿ ಕೊರೊನಾದಿಂದ ಡೇಟೋನ ರದ್ದಾಯ್ತು. ಕೆಲವರಿಗೆ ಅದು ಕಾಲೇಜಿನ ಕೊನೇ ವರ್ಷ. ಸುದ್ದಿ ಹೇಳೋವಾಗ ಮಕ್ಕಳ ಮುಖ ನೋಡಬೇಕು ನೀವು. ಆ ವರ್ಷ ನಮ್ಮಲ್ಲೂ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಗಿತ್ತಲ್ಲ, ಆದ್ರೆ ಪರೀಕ್ಷೆ ಕಡೆಗಾದ್ರೂ ನಡೀತು. ಇದು ನಡೀಲೇ ಇಲ್ಲ. ಮುಂದಿನ ವರ್ಷ, 2021ರಲ್ಲಿ, ಹತ್ತಿರದ ಊರಿನ ಟ್ರಿನಿಟಿ ವ್ಯಾಲಿ ಕಾಲೇಜು ಇವರನ್ನ ಸೋಲಿಸ್ತು.

ಇದು ಕಾಲೇಜಿನವರದು. ಶಾಲೆ-ಕಾಲೇಜಿಗೆ ಸಂಬಂಧ ಇಲ್ಲದ ಖಾಸಗಿ ಜಿಮ್‌ಗಳ ಲೋಕ ಬೇರೆ ಇದೆ, 'ಆಲ್ ಸ್ಟಾರ್' ಅಂತಾರೆ. ರೀಲ್‌ನಲ್ಲಿ ಇದ್ದದ್ದು ಅದೇ. ಅವರ ವರ್ಷದ ಲೆಕ್ಕ ಹಿಂಗೆ: ಬೇಸಿಗೆಯಲ್ಲಿ ಆಯ್ಕೆ, ಆಮೇಲೆ ಎರಡೂವರೆ ನಿಮಿಷದ ಒಂದೇ ಒಂದು ರೊಟೀನ್ ಕಟ್ಟೋದು, ಚಳಿಗಾಲವಿಡೀ ಊರೂರು ತಿರುಗಿ ಅದನ್ನೇ ಸ್ಪರ್ಧೆಗಳಲ್ಲಿ ಮಾಡೋದು. ಆ ಸ್ಪರ್ಧೆಗಳಲ್ಲಿ ಚೆನ್ನಾಗಿ ಮಾಡಿದ್ರೆ ಫೈನಲ್‌ಗೆ ಆಹ್ವಾನ, ಅದಕ್ಕೆ 'ಬಿಡ್' ಅಂತ ಹೆಸರು. ಸೀಸನ್ ಕೊನೆಗೆ ಎರಡು ದೊಡ್ಡ ಜಾತ್ರೆ. ಒಂದು ವರ್ಲ್ಡ್ಸ್, 2004ರಿಂದ ನಡೀತಿದೆ. ಇನ್ನೊಂದು ಸಮಿಟ್, 2013ರಲ್ಲಿ ಶುರುವಾದದ್ದು, ವರ್ಲ್ಡ್ಸ್‌ನ ಮಟ್ಟಕ್ಕಿಂತ ಕೆಳಗಿನ ತಂಡಗಳಿಗೆ. ಎರಡೂ ಫ್ಲಾರಿಡಾದ ಆರ್ಲಾಂಡೊದಲ್ಲಿ, ಡಿಸ್ನಿ ಆವರಣದಲ್ಲಿ, ಏಪ್ರಿಲ್ ಕೊನೆ ಮತ್ತು ಮೇ ಶುರುವಿನ ಹೊತ್ತಿಗೆ.

ಈ ಬಿಡ್‌ನಲ್ಲೂ ಜಾತಿ ಇದೆ ನೋಡ್ರಿ. ಪೇಯ್ಡ್ ಬಿಡ್ ಸಿಕ್ಕರೆ ತಂಡದ ಖರ್ಚನ್ನ ಬಿಡ್ ಕೊಟ್ಟ ಸಂಘಟಕರು ನೋಡ್ಕೋತಾರೆ. ಅಟ್-ಲಾರ್ಜ್ ಬಿಡ್ ಅಂದ್ರೆ ಬಾಗಿಲು ತೆರೆದದ, ದುಡ್ಡು ನಿಮ್ಮದೇ. ವಿಮಾನ, ಹೋಟೆಲ್, ಎಂಟ್ರಿ ಫೀಸ್, ಡ್ರೆಸ್ಸು, ಮೇಕಪ್ಪು, ತಲೆಗೆ ಕಟ್ಟೋ ದೊಡ್ಡ ಬೋ ಕೂಡ. ಎಷ್ಟೋ ಸ್ಪರ್ಧೆಗಳಲ್ಲಿ 'ಇಲ್ಲಿ ಆಡಬೇಕಾದ್ರೆ ನಾವು ಹೇಳಿದ ಹೋಟೆಲಲ್ಲೇ ಇಳೀಬೇಕು' ಅನ್ನೋ ನಿಯಮ ಬೇರೆ. ಮದುವೆಗೆ ಕರೆದು, ಉಡುಗೊರೆ ನಮ್ಮ ಅಂಗಡಿಯಲ್ಲೇ ಕೊಳ್ಳಿ ಅಂದಂಗೆ.

ಇಲ್ಲಿ ನನ್ನ ಕಾಮರ್ಸ್ ಕಿವಿ ನೆಟ್ಟಗಾಯ್ತು. ಈ ವ್ಯವಹಾರದ ದೊಡ್ಡಣ್ಣ ವಾರ್ಸಿಟಿ ಅನ್ನೋ ಕಂಪನಿ. 1974ರಲ್ಲಿ ಜೆಫ್ ವೆಬ್ ಅನ್ನೋರು ಚಿಯರ್‌ಲೀಡಿಂಗ್ ಕ್ಯಾಂಪ್ ನಡೆಸೋಕೆ ಶುರು ಮಾಡಿದ್ದು ಬೆಳೀತಾ ಬೆಳೀತಾ ಡ್ರೆಸ್ಸೂ ಅವರದೇ, ಕ್ಯಾಂಪೂ ಅವರದೇ, ಸ್ಪರ್ಧೆಗಳಲ್ಲಿ ಬಹುಪಾಲೂ ಅವರದೇ ಅನ್ನೋ ಹಂಗಾಯ್ತು. ಜಿಮ್‌ಗಳು, ತಂದೆತಾಯಿಗಳು ಕೋರ್ಟಿಗೆ ಹೋದ್ರು. ಪೈಪೋಟಿಯನ್ನೇ ಮುಗಿಸಿ ನಮ್ಮಿಂದ ಬೇಕಾದಷ್ಟು ವಸೂಲಿ ಮಾಡ್ತಿದಾರೆ ಅನ್ನೋದು ದೂರು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ಆದ್ರೆ ರಾಜಿಗೆ ಬಂತು. 2023ರಲ್ಲಿ ಒಂದು ಕೇಸು 4.35 ಕೋಟಿ ಡಾಲರ್‌ಗೆ, 2024ರಲ್ಲಿ ಇನ್ನೊಂದು 8.25 ಕೋಟಿ ಡಾಲರ್‌ಗೆ. ಎರಡೂ ಸೇರಿದ್ರೆ ನಮ್ಮ ದುಡ್ಡಲ್ಲಿ ಸಾವಿರ ಕೋಟಿ ರೂಪಾಯಿ ದಾಟುತ್ತೆ. ಕುಣಿಯೋ ಆಟ ಅಂತ ನಾವು ಚಾನೆಲ್ ಬದಲಿಸ್ತಿದ್ವಲ್ಲ, ಅದರೊಳಗೆ ಇಷ್ಟು ದುಡ್ಡು.

ಹಂಗಂತ ನಾನು ಆ ಫೈನಲ್‌ಗಳನ್ನ ಬೈಯೋಕೆ ಕೂತಿಲ್ಲ. ಅಲ್ಲಿ ಒಂದು ವಿಷಯ ನನಗೆ ಬಹಳ ಹಿಡಿಸ್ತು. ಸ್ಕೋರ್‌ಶೀಟ್.

ತಂಡಗಳನ್ನ ಲೆವೆಲ್ ಒಂದರಿಂದ ಏಳರ ತನಕ ವಿಂಗಡಿಸಿರ್ತಾರೆ. ಪ್ರತಿ ಲೆವೆಲ್‌ನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ಬರೆದಿದೆ. ಲೆವೆಲ್ ಒಂದರ ತಂಡ ಹುರುಪಿನಲ್ಲಿ ಲೆವೆಲ್ ಮೂರರ ಕಸರತ್ತು ಮಾಡಿದ್ರೆ ಚಪ್ಪಾಳೆ ಬೀಳಬಹುದು, ಆದ್ರೆ ಅಂಕ ಕಟ್. ಮೇಲಿದ್ದವಳು ಬಿದ್ರೆ ಅಂಕ ಕಟ್. ಕಾಲು ತಪ್ಪಿದ್ರೂ ಕಟ್. ಒಂದೂ ಕಡಿತ ಇಲ್ಲದೆ ಮುಗಿಸಿದ್ರೆ ಅದಕ್ಕೆ 'ಹಿಟ್ ಝೀರೋ' ಅಂತಾರೆ. ಗೆದ್ದಿದ್ದಕ್ಕಿಂತ ಮುಂಚೆ ಆ ಮಕ್ಕಳು ಕೇಳೋದು ಅದನ್ನೇ, ಝೀರೋ ಹಿಟ್ ಆಯ್ತಾ ಅಂತ. ಸೊನ್ನೆ ಸಿಕ್ಕಿದ್ದಕ್ಕೆ ಜನ ಅಪ್ಪಿಕೊಂಡು ಅಳೋದನ್ನ ನಾನು ಬೇರೆಲ್ಲೂ ನೋಡಿಲ್ಲ. ನನ್ನ ಅಕೌಂಟೆನ್ಸಿ ಪೇಪರ್ ಬಂದಾಗ ನಾನೂ ಅತ್ತಿದ್ದೆ, ಅದು ಬೇರೆ ಕಾರಣಕ್ಕೆ.

ಇಷ್ಟೆಲ್ಲಾ ನಿಯಮ ಸುಮ್ಮನೆ ಬಂದಿಲ್ಲ. ಅಮೆರಿಕದ ಹೈಸ್ಕೂಲು ಹುಡುಗಿಯರಿಗೆ ಆಟದಲ್ಲಿ ಆಗೋ ಅತಿ ಗಂಭೀರ ಗಾಯಗಳು, ಅಂದ್ರೆ ತಲೆ, ಕುತ್ತಿಗೆ, ಬೆನ್ನುಹುರಿಯವು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಿಯರ್‌ಲೀಡಿಂಗ್‌ನಿಂದಲೇ ಅಂತ ವರ್ಷಗಟ್ಟಲೆ ಲೆಕ್ಕ ಇಟ್ಟವರು ತೋರಿಸಿದ್ರು. 2012ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಒಂದು ಹೇಳಿಕೆ ಹೊರಡಿಸ್ತು. ಅದರಲ್ಲಿನ ಎರಡು ಮಾತು ನಾನು ಫೋನಲ್ಲಿ ಸೇವ್ ಮಾಡ್ಕೊಂಡಿದೀನಿ. ಒಂದು, ಪಿರಮಿಡ್ ಮಾಡೋದು ಸ್ಪ್ರಿಂಗ್ ಅಥವಾ ಫೋಮ್ ನೆಲದ ಮೇಲೆ, ಇಲ್ಲಾಂದ್ರೆ ಹುಲ್ಲಿನ ಮೇಲೆ ಮಾತ್ರ. ಗಟ್ಟಿ, ಒದ್ದೆ, ತಗ್ಗುದಿನ್ನೆ ನೆಲದ ಮೇಲೆ ಬೇಡವೇ ಬೇಡ. ಎರಡು, ಪಿರಮಿಡ್ ಎರಡು ಆಳಿಗಿಂತ ಎತ್ತರ ಇರಬಾರದು.

ಗಟ್ಟಿ, ಒದ್ದೆ, ತಗ್ಗುದಿನ್ನೆ. ಆಗಸ್ಟ್ ತಿಂಗಳ ನಮ್ಮ ಶಾಲಾ ಮೈದಾನವನ್ನ ನೋಡಿ ಬರೆದಂಗಿದೆ.

ಈಗ ನನ್ನ ಕಥೆ. ನಾನು ಮಾನ್ವಿಯಲ್ಲಿ ಓದಿದ್ದು. ಎಂಟು ಮತ್ತು ಒಂಬತ್ತನೇ ಕ್ಲಾಸಲ್ಲಿ ನಾನು ಪಿರಮಿಡ್‌ನ ಕೆಳಗಿನ ಸಾಲು. ಮೈಕಟ್ಟು ಗಟ್ಟಿ ಇದ್ದೋರೆಲ್ಲ ಕೆಳಗೆ, ಸಪೂರ ಇದ್ದೋರು ಮೇಲೆ, ಆಯ್ಕೆ ಅಷ್ಟೇ ಸಲೀಸು. ಮಂಡಿ ಊರಿ, ಅಂಗೈ ಊರಿ ಬಗ್ಗಿದ್ರೆ ಬೆನ್ನ ಮೇಲೆ ಒಬ್ಬಳ ಮಂಡಿ. ಮುರಂನ ಹರಳು ಮಂಡಿಯೊಳಗೆ ಹೊಕ್ಕೊಂಡಿರೋದು. ತಿರಂಗಾ ಹಿಡಿದು ಮೇಲೆ ನಿಂತವಳ ಫೋಟೋ ಮಾರನೇ ದಿನ ಪೇಪರಲ್ಲಿ ಬರ್ತಿತ್ತು. ನಮ್ಮದು ಬರ್ತಿರಲಿಲ್ಲ, ನಮ್ಮ ಮುಖ ನೆಲ ನೋಡ್ತಿತ್ತಲ್ಲ. ಒಂದು ವರ್ಷ ನಮಗೆ ಎರಡನೇ ಬಹುಮಾನ ಬಂತು, ತಲಾ ಒಂದು ಸ್ಟೀಲ್ ಲೋಟ. ಅದು ಇನ್ನೂ ನಮ್ಮ ಮನೆಯಲ್ಲಿದೆ, ಅಪ್ಪ ಅದರಲ್ಲೇ ಚಾ ಕುಡೀತಾರೆ. ಮೊದಲನೇ ಬಹುಮಾನ ಯಾಕೆ ಬರಲಿಲ್ಲ ಗೊತ್ತಾ? ಆ ಶಾಲೆಯವರದು ನಾಲ್ಕು ಅಂತಸ್ತು, ನಮ್ಮದು ಮೂರು.

ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದನ್ನೇ. ಫೈನಲ್ ದಿನ ಯಾವುದಕ್ಕೆ ಅಂಕ ಬೀಳುತ್ತೋ, ಅದಕ್ಕೆ ಮುಂಚಿನ ದಿನಗಳೆಲ್ಲ ಮಕ್ಕಳ ಕೈಲಿ ಅದನ್ನೇ ಮಾಡಿಸ್ತಾರೆ. ಆರ್ಲಾಂಡೊದಲ್ಲಿ ಬೀಳದೇ ಇರೋದಕ್ಕೆ ಅಂಕ. ನಮ್ಮಲ್ಲಿ ಎತ್ತರಕ್ಕೆ ಅಂಕ. ನಿರ್ಣಾಯಕರು ಅಂತ ಕೂತೋರ ಕೈಯಲ್ಲಿ ಒಂದು ಬಿಳಿ ಹಾಳೆ, ಅದರಲ್ಲಿ ಶಾಲೆಯ ಹೆಸರು, ಮುಂದೆ ಹತ್ತಕ್ಕೆ ಇಷ್ಟು ಅಂತ ಒಂದು ಅಂಕಿ. ಅವರನ್ನೂ ಬೈಯಂಗಿಲ್ಲ. ಪಿರಮಿಡ್ ಹೆಂಗೆ ಅಳೀಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಕಣ್ಣಿಗೆ ಕಾಣೋದು ಎತ್ತರ, ಅದಕ್ಕೆ ಹಾಕ್ತಾರೆ.

ನಮ್ಮ ರಾಯಚೂರಿನಲ್ಲಿ ಕಾರಹುಣ್ಣಿಮೆಗೆ ಮುಂಗಾರು ಹಬ್ಬ ನಡೆಯುತ್ತಲ್ಲ, ರಾಜೇಂದ್ರ ಗಂಜ್‌ನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯೋದು. ನೋಡಿರ್ತೀರಿ. ಅಲ್ಲಿ ಕಲ್ಲಿನ ತೂಕ ಗೊತ್ತು, ಸಮಯ ಗೊತ್ತು, ಎಷ್ಟು ದೂರ ಎಳೆದ್ವು ಅಂತ ಅಳೆದು ಹೇಳ್ತಾರೆ. ಎತ್ತಿಗೆ ಸ್ಕೋರ್‌ಶೀಟ್ ಇರೋ ಊರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಗೆ ಇಲ್ಲ.

ಬೇರೆ ಆಟಗಳಿಗೆ ನಮ್ಮಲ್ಲಿ ಏಣಿ ಇದೆ, ಅದನ್ನ ಮರೆಯೋಂಗಿಲ್ಲ. ಖೋಖೋ, ಕಬಡ್ಡಿ, ಓಟ ಅಂದ್ರೆ ತಾಲ್ಲೂಕು, ಜಿಲ್ಲೆ, ಆಮೇಲೆ ಕಲಬುರಗಿ ವಿಭಾಗ, ಆಮೇಲೆ ರಾಜ್ಯ. ದಸರಾ ಕ್ರೀಡಾಕೂಟದ್ದೂ ಹಂಗೇ, ತಾಲ್ಲೂಕಿಂದ ಶುರುವಾಗಿ ಕೊನೆಗೆ ಮೈಸೂರು. ಪ್ರತಿಭಾ ಕಾರಂಜಿಯಲ್ಲಿ ಹಾಡು, ಜಾನಪದ ನೃತ್ಯಕ್ಕೂ ಕ್ಲಸ್ಟರ್‌ನಿಂದ ರಾಜ್ಯದ ತನಕ ಮೆಟ್ಟಿಲು ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಮೇಲೆ ಹುಡುಗಿಯರಿಗೆ ಬಸ್ ಪುಕ್ಕಟೆ ಬೇರೆ. ಅಮೆರಿಕದವರ ಭಾಷೆಯಲ್ಲಿ ಹೇಳೋದಾದ್ರೆ, ನಮ್ಮ ಹುಡುಗಿಯರಿಗೆಲ್ಲ ಅರ್ಧ ಪೇಯ್ಡ್ ಬಿಡ್ ಸಿಕ್ಕಂಗೆ. ಊಟ, ಉಳಿಯೋ ಜಾಗ ಇನ್ನೂ ಪಿಟಿ ಸರ್ ಜೇಬಿನ ಮೇಲೆ ನಿಂತಿರುತ್ತೆ, ಅದು ಬೇರೆ ಎಪಿಸೋಡ್.

ಆದ್ರೆ ಪಿರಮಿಡ್‌ಗೆ ಮಾತ್ರ ಮುಂದಿನ ಮೆಟ್ಟಿಲು ಇಲ್ಲ. ಆಗಸ್ಟ್ 15ರ ಮಧ್ಯಾಹ್ನ ಲಾಡು ತಿಂದು ಮನೆಗೆ ಹೋದ್ರೆ ಸೀಸನ್ ಮುಗೀತು. ಮುಂದಿನ ಮೆಟ್ಟಿಲೇ ಇಲ್ಲದ್ದಕ್ಕೆ ನಿಯಮ ಬರೆಯೋರೂ ಇಲ್ಲ. ಪಕ್ಕದ ಮಹಾರಾಷ್ಟ್ರ ನೋಡ್ರಿ. ದಹಿ ಹಂಡಿಯಲ್ಲಿ ಹುಡುಗರು ಬಿದ್ದು ಸತ್ತಮೇಲೆ ವಿಷಯ ಕೋರ್ಟಿಗೆ ಹೋಯ್ತು. 2014ರಲ್ಲಿ ಬಾಂಬೆ ಹೈಕೋರ್ಟ್ 20 ಅಡಿಗಿಂತ ಎತ್ತರ ಬೇಡ, 18 ವರ್ಷದೊಳಗಿನವರು ಬೇಡ ಅಂತು. ವಾದ-ವಿವಾದ ನಡೆದು 2017ರಲ್ಲಿ ವಯಸ್ಸಿನ ಮಿತಿ 14ಕ್ಕೆ ಬಂತು. 2022ರಲ್ಲಿ ಸರ್ಕಾರ ಅದನ್ನ ಸಾಹಸ ಕ್ರೀಡೆ ಅಂತ ಘೋಷಿಸ್ತು, ಸತ್ತರೆ 10 ಲಕ್ಷ, ಕೈಕಾಲು ಮುರಿದ್ರೆ 5 ಲಕ್ಷ ಪರಿಹಾರ ಅಂತು. 2023ರಿಂದ ಪ್ರೊ ಗೋವಿಂದ ಅಂತ ಲೀಗೇ ನಡೀತಿದೆ. ಎಲ್ಲಾ ಸರಿಯಾಯ್ತು ಅಂತ ನಾನು ಹೇಳ್ತಿಲ್ಲ, ಅಲ್ಲಿ ಈಗಲೂ ಬೀಳ್ತಾರೆ. ಆದ್ರೆ ಯಾವ ವಯಸ್ಸು, ಬಿದ್ರೆ ಯಾರು ಅನ್ನೋ ಎರಡು ಪ್ರಶ್ನೆಗೆ ಏನೋ ಒಂದು ಉತ್ತರ ಇದೆ. ಹೋದ ವರ್ಷ ನಮ್ಮ ಹುಡುಗಿಯ ಎಕ್ಸ್‌ರೇ, ಪ್ಲಾಸ್ಟರ್, ಆಟೋ ಎಲ್ಲಾ ಸೇರಿ ಖರ್ಚು ಕೊಟ್ಟದ್ದು ಚಿಗವ್ವ. ಹತ್ತಿ ಬಿಡಿಸೋ ಕೂಲಿಯಿಂದ.

ಹೋದ ಭಾನುವಾರ ದೇವದುರ್ಗಕ್ಕೆ ಹೋದೆ. ಚಿಗವ್ವ ರೊಟ್ಟಿ ಬಡೀತಿದ್ಲು. ನಾನು ಬಾಯಿ ಬಿಡೋಕೆ ಮುಂಚೆ ಹೇಳಿದ್ಲು, "ನೀ ಯಾಕ ಬಂದಿ ನನಗ ಗೊತ್ತದ. ಆಕಿ ಕುಣೀಲಿ, ಲೇಜಿಮ್ ಆಡ್ಲಿ, ನಾ ಬ್ಯಾಡನ್ನಂಗಿಲ್ಲ. ಮ್ಯಾಲ ಹತ್ತಿದ್ರ ಇಳಿಸೋರು ಯಾರು?"

ಇಳಿಸೋರು ಯಾರು. ಅಮೆರಿಕದ ತಂಡಗಳಲ್ಲಿ ಇದಕ್ಕೆ ಒಬ್ಬ ಮನುಷ್ಯನೇ ಇರ್ತಾನೆ. ಕೆಳಗೆ ಹೊತ್ತು ನಿಲ್ಲೋರು ಬೇಸ್, ಮೇಲಿರೋಳು ಫ್ಲೈಯರ್, ಹಿಂದೆ ನಿಲ್ಲೋರು ಬ್ಯಾಕ್ ಸ್ಪಾಟ್. ಈ ಹಿಂದಿನವರ ಕೆಲಸ ಮೇಲೆ ಕಣ್ಣಿಟ್ಟು ನಿಲ್ಲೋದು. ಬಿದ್ರೆ ಮೊದಲು ತಲೆ ಮತ್ತು ಕುತ್ತಿಗೆ ಹಿಡೀಬೇಕು. ನಮ್ಮ ಪಿರಮಿಡ್‌ನಲ್ಲಿ ಹಿಂದೆ ಯಾರೂ ನಿಲ್ಲಲ್ಲ, ಯಾಕಂದ್ರೆ ಅತಿಥಿಗಳಿಗೆ ಚೆಂದ ಕಾಣಲ್ಲ.

ಪಿಟಿ ಸರ್ ಅವರನ್ನೂ ಭೇಟಿಯಾದೆ. ಒಳ್ಳೆ ಮನುಷ್ಯ. ಹೋದ ವರ್ಷ ಹುಡುಗಿ ಬಿದ್ದಾಗ ಅವರೇ ಎತ್ಕೊಂಡು ಓಡಿದ್ದು. "ನನಗೇನು ಆಸೆ ಅದ ಏನಮ್ಮ ಮಕ್ಕಳನ್ನ ಹತ್ತಿಸಾಕ? ಎರಡಂತಸ್ತು ಮಾಡಿದ್ರ ನಮ್ಮ ಶಾಲಿ ಕಡೀಗೆ ಬರ್ತದ. ಆಮ್ಯಾಲ ಎಲ್ಲಾರೂ ನನ್ನ ಕೇಳ್ತಾರ" ಅಂದ್ರು. ನಾನು ಫೋನ್ ತೆಗೆದು ಆ ವೈದ್ಯರ ಹೇಳಿಕೆ ಓದಿ ಹೇಳಿದೆ. ಸ್ಕೋರ್‌ಶೀಟ್ ಒಂದರ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ಜೂಮ್ ಮಾಡಿ ಮಾಡಿ ನೋಡಿದ್ರು. ಆಮೇಲೆ ಒಂದು ಮಾತು ಕೇಳಿದ್ರು: "ಇದನ್ನ ಕನ್ನಡದಾಗ ಒಂದ ಪುಟ ಮಾಡಿ ಕೊಡ್ತೀ ಏನು?"

ಅವರ ಐಡಿಯಾ ಸಿಂಪಲ್. ಸ್ವಾತಂತ್ರ್ಯ ದಿನಾಚರಣೆಗೆ ಮುಂಚೆ ತಾಲ್ಲೂಕಿನಲ್ಲಿ ಪೂರ್ವಭಾವಿ ಸಭೆ ಅಂತ ನಡೆಯುತ್ತೆ. ಮೆರವಣಿಗೆ, ಧ್ವಜ, ಶಾಮಿಯಾನ, ಸಾಂಸ್ಕೃತಿಕ ಕಾರ್ಯಕ್ರಮ ಎಲ್ಲಾ ಅಲ್ಲೇ ತೀರ್ಮಾನ ಆಗೋದು. ಶಾಲೆಗಳವರೂ ಇರ್ತಾರೆ. ಆ ಸಭೆಯಲ್ಲಿ ಈ ಪುಟ ಇಟ್ಟು, ಎಲ್ಲಾ ಶಾಲೆಗೂ ಒಂದೇ ನಿಯಮ ಅಂತ ಮಾಡಿಸಿದ್ರೆ ಒಬ್ಬರು ಕೆಳಗಿಳಿದ್ರು ಅಂತ ಆಗಲ್ಲ, ಎಲ್ಲರೂ ಇಳಿದಂಗಾಗುತ್ತೆ. ಬಿ.ಕಾಂ.ನಲ್ಲಿ ಪೈಪೋಟಿ ಬಗ್ಗೆ ಒಂದು ಪೂರಾ ಯೂನಿಟ್ ಓದಿದ್ದೆ, ಪಿಟಿ ಸರ್ ಎರಡು ವಾಕ್ಯದಲ್ಲಿ ಮುಗಿಸಿಬಿಟ್ರು.

ಬರೆದೆ. ಒಂದೇ ಪುಟ. ಎರಡು ಆಳಿಗಿಂತ ಎತ್ತರ ಹೋದ್ರೆ ಪಿರಮಿಡ್‌ಗೆ ಸೊನ್ನೆ. ಮೇಲಿದ್ದವರು ಬಿದ್ರೆ ಕಡಿತ, ಹಿಂದೆ ಹಿಡಿಯೋರು ಇಲ್ಲದಿದ್ರೆ ಕಡಿತ. ಹೆಚ್ಚು ಅಂಕ ಇರೋದು ಎಲ್ಲರೂ ಒಂದೇ ಎಣಿಕೆಗೆ ಏಳೋದಕ್ಕೆ, ಒಂದೇ ಎಣಿಕೆಗೆ ಇಳಿಯೋದಕ್ಕೆ. ಇಳಿಯೋದಕ್ಕೂ ಅಂಕ ಅಂತ ನಾನೇ ಸೇರಿಸಿದ್ದು, ಚಿಗವ್ವನ ಮಾತು ಕೇಳಿದ ಮೇಲೆ. ಕೆಳಗಿನ ಸಾಲಿನವರು ಪ್ರತಿ ಪ್ರ್ಯಾಕ್ಟೀಸಲ್ಲೂ ಜಾಗ ಬದಲಿಸಬೇಕು ಅಂತಾನೂ ಬರೆದೆ. ಅದು ನನ್ನ ಮಂಡಿಯ ಸ್ವಂತ ಬೇಡಿಕೆ.

ನೆಲದ ಕಥೆ ಉಳೀತು. ಅವರ ಸ್ಪ್ರಿಂಗ್ ಫ್ಲೋರ್ 54 ಅಡಿ ಉದ್ದ, 42 ಅಡಿ ಅಗಲ. ಅದರ ರೇಟ್ ನೋಡಿ ಫೋನ್ ಕೆಳಗಿಟ್ಟೆ. ಆಮೇಲೆ ನೆನಪಾಯ್ತು, ನಮ್ಮ ಗರಡಿ ಮನೆಗಳಲ್ಲಿ ಮಾಡ್ತಿದ್ದದ್ದು ಇನ್ನೇನು? ಕೆಂಪು ಮಣ್ಣು ಅಗೆದು, ಎಣ್ಣೆ ಮಜ್ಜಿಗೆ ಕಲಸಿ ಮೆತ್ತಗೆ ಮಾಡೋದು. ಬೀಳೋ ಆಟಕ್ಕೆ ಮೊದಲು ನೆಲ ಅನ್ನೋದು ನಮ್ಮ ಮುತ್ತಜ್ಜಂದಿರಿಗೆ ಗೊತ್ತಿತ್ತು. ಮಾನ್ವಿಯಲ್ಲಿ ನಮ್ಮ ಮಾವ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡ್ತಾರೆ. ಹಳೇ ಚೀಲ ನಲವತ್ತು ಸಿಕ್ಕವು. ಎಡದಂಡೆ ಕಾಲುವೆಯ ಪುಣ್ಯ, ಭತ್ತದ ಹುಲ್ಲಿಗೇನು ಬರ ಇಲ್ಲ. ತುಂಬಿ, ಬಾಯಿ ಹೊಲಿದು, ಟಾಟಾ ಏಸ್‌ನಲ್ಲಿ ಹಾಕಿ ಕಳಿಸಿದ್ವಿ. ಮೊದಲನೇ ದಿನ ಫೇಲ್. ಚೀಲದ ನಡುವೆ ಸಂದು ಬಿಟ್ಟು ಒಬ್ಬಳ ಕಾಲು ಉಳುಕುವಂಗಾಯ್ತು. ಎರಡನೇ ದಿನ ಚೀಲಗಳನ್ನ ಒಂದಕ್ಕೊಂದು ಹೊಲಿದು, ಮೇಲೆ ತಾಡಪತ್ರಿ ಬಿಗಿದ್ರು. ಈಗ ಪರವಾಗಿಲ್ಲ. ಪ್ರ್ಯಾಕ್ಟೀಸಿಗೆ ಅಷ್ಟೇ, ಅವತ್ತಿನ ದಿನ ಮೈದಾನದಲ್ಲಿ ಹಾಸೋಕೆ ಬಿಡ್ತಾರಾ ಅನ್ನೋದು ಸಭೆಯಲ್ಲಿ ಗೊತ್ತಾಗಬೇಕು.

ಚಿಗವ್ವ ಬಂದು ಚೀಲದ ಮೇಲೆ ಕಾಲಿಟ್ಟು, ಒತ್ತಿ ನೋಡಿದ್ಲು. ಏನೂ ಮಾತಾಡಲಿಲ್ಲ. ಎರಡಂತಸ್ತು ಆದ್ರೆ, ಹಿಂದೆ ಇಬ್ಬರು ನಿಂತ್ರೆ, ಹತ್ತಲಿ ಅಂತ ಸಂಜೆ ಫೋನ್ ಮಾಡಿ ಹೇಳಿದ್ಲು. ಮೂರನೇದಕ್ಕೆ ಹತ್ತಿಸಿದ್ರೆ ನಾನೇ ಮೈದಾನಕ್ಕ ಬಂದು ಕೆಳಗ ಇಳಿಸ್ತೀನಿ, ಯಾವ ಅತಿಥಿ ಕೂತಿದ್ರೂ ಸೈ ಅಂತಾನೂ ಹೇಳಿದ್ಲು.

ಎಲ್ಲರೂ ಖುಷಿ ಅಂತ ಅನ್ಕೊಂಡ್ರಾ? ಇಲ್ಲ. ನಮ್ಮ ಹುಡುಗಿಗೆ ಸಿಟ್ಟು ಬಂದಿದೆ. ನಿನ್ನೆ ರಾತ್ರಿ ಬಂದ ವಾಯ್ಸ್ ಮೆಸೇಜ್ ಕೇಳಿಸ್ತೀನಿ, ಅವಳ ಪರ್ಮಿಷನ್ ತಗೊಂಡಿದೀನಿ.

"ಅಕ್ಕಾ, ನೀ ಬಂದು ಎಲ್ಲಾ ಕೆಡಿಸಿದಿ. ಎರಡಂತಸ್ತು ಯಾರ ನೋಡ್ತಾರ? ಮೀಟಿಂಗ್‌ನಾಗ ಒಪ್ಪಲಿಲ್ಲಂದ್ರ ಬ್ಯಾರೆ ಶಾಲಿಯವರು ನಾಲ್ಕು ಮಾಡ್ತಾರ, ನಾವು ಚೀಲದ ಮ್ಯಾಲ ನಿಂತು ನೋಡಬೇಕು. ಹಾಂ, ಇನ್ನೊಂದು. ಇಳಿಯೋ ಎಣಿಕಿ ಎಂಟಕ್ಕ ಮಾಡೀವಿ. ಚೊಲೋ ಕಾಣ್ತದ. ವಿಡಿಯೋ ಕಳಸ್ತೀನಿ, ನೋಡು."

ವಿಡಿಯೋ ನೋಡಿದೆ. ಹದಿನಾರು ಹುಡುಗೀರು, ಎರಡಂತಸ್ತು, ಹಿಂದೆ ಇಬ್ಬರು ಕೈ ಚಾಚಿ ನಿಂತಿದಾರೆ. ಐದನೇ ಎಣಿಕೆಗೆ ಒಬ್ಬಳು ತಡ ಮಾಡ್ತಾಳೆ. ಅಂದ್ರೆ ಹಿಟ್ ಝೀರೋ ಆಗಿಲ್ಲ. ಅವಳಿಗೆ ಅದನ್ನೇ ಟೈಪ್ ಮಾಡಿ ಕಳಿಸಿದೆ, ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಸಭೆ ಇನ್ನೂ ಆಗಿಲ್ಲ. ಆ ಒಂದು ಪುಟ ಬೇಕಾದ್ರೆ ಮೆಸೇಜ್ ಮಾಡ್ರಿ, ಕಳಿಸ್ತೀನಿ. ನಿಮ್ಮ ತಾಲ್ಲೂಕಲ್ಲೂ ಜುಲೈ ಕೊನೆಗೆ ಇಂಥದೇ ಸಭೆ ಇರುತ್ತೆ, ನಿಮ್ಮ ಹಳೇ ಶಾಲೆಯ ಪಿಟಿ ಸರ್ ಅಲ್ಲಿ ಕೂತಿರ್ತಾರೆ, ಅವರ ನಂಬರ್ ನಿಮ್ಮ ಹತ್ತಿರ ಇದ್ದೇ ಇರುತ್ತೆ. ಆಗಸ್ಟ್ 15ರ ಮಧ್ಯಾಹ್ನ ದೇವದುರ್ಗದಿಂದಲೇ ಒಂದು ಸಣ್ಣ ಎಪಿಸೋಡ್ ಹಾಕ್ತೀನಿ. ಅಲ್ಲೀತನಕ ಬರ್ತೀನ್ರಿ, ಕುಕ್ಕರ್ ಮೂರನೇ ಸೀಟಿ ಹೊಡೀತು.